ಹದಿನೆಂಟು ದಿನ ಬಡಿದ ಹೃದಯ

ಜಗತ್ತಿನಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದ ಡಾಕ್ಟರ್ ಯಾರು? ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದ್ರೆ ಎಲ್ಲ ತಂಡಗಳೂ ಒಟ್ಟಿಗೆ ಬಝರ್ ಒತ್ತುತ್ತವೆ. ದಕ್ಷಿಣ ಆಫ್ರಿಕಾದ ಕ್ರಿಶ್ಚಿಯಾನ್ ಬರ್ನಾರ್ಡ್. ಸರಿ ಉತ್ತರ. ಆದ್ರೆ ಆ ಹೃದಯ ಯಾರ ಎದೆಯೊಳಗೆ ಹೋಯ್ತು ಅಂತ ಕೇಳಿ ನೋಡಿ. ಪ್ರಶ್ನೆ ಒಂದು ತಂಡದಿಂದ ಇನ್ನೊಂದಕ್ಕೆ ಪಾಸ್ ಆಗುತ್ತಾ ಕೊನೆಗೆ ಪ್ರೇಕ್ಷಕರ ಕಡೆಗೆ ಬಂದುಬಿಡುತ್ತೆ.

ಅವರ ಹೆಸರು ಲೂಯಿಸ್ ವಾಶ್‌ಕಾನ್‌ಸ್ಕಿ. ಕೇಪ್‌ಟೌನ್ ನಗರದಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡಿದ್ದವರು. 1967ರ ಡಿಸೆಂಬರ್ ತಿಂಗಳಲ್ಲಿ 18 ದಿನಗಳ ಕಾಲ ಜಗತ್ತಿನ ಪತ್ರಿಕೆಗಳೆಲ್ಲ ಅವರ ನಾಡಿಮಿಡಿತವನ್ನೇ ಎಣಿಸುತ್ತಾ ಕೂತಿದ್ದವು. ಆಮೇಲೆ ಅವರು ತೀರಿಕೊಂಡರು. ಹೊಸ ಹೃದಯ ಕೈಕೊಟ್ಟಿರಬೇಕು ಅಂತ ನಾವೂ ನೀವೂ ಸಹಜವಾಗಿ ಅಂದುಕೊಳ್ಳುತ್ತೇವೆ. ಹಾಗಾಗಲಿಲ್ಲ. ಹೃದಯ ಹೆಚ್ಚುಕಡಿಮೆ ಕೊನೆಯವರೆಗೂ ತನ್ನ ಕೆಲಸ ಮಾಡಿಕೊಂಡೇ ಇತ್ತು. ಅವರ ಪ್ರಾಣ ತೆಗೆದದ್ದು ನ್ಯುಮೋನಿಯಾ. ಅದನ್ನು ತಂದದ್ದು ಕೂಡ ಎಲ್ಲೋ ಅಪರೂಪಕ್ಕೆ ಸಿಗುವ ಭಯಂಕರ ಕ್ರಿಮಿಯಲ್ಲ. ಆರೋಗ್ಯವಂತರ ತಂಟೆಗೆ ಸಾಮಾನ್ಯವಾಗಿ ಬಾರದೆ ಸುತ್ತಮುತ್ತಲೇ ಇರುವ ಬ್ಯಾಕ್ಟೀರಿಯಾಗಳು. ಈ ಬರಹ ಆ ಮನುಷ್ಯನ ಬದುಕಿನ ಬಗ್ಗೆ, ಮತ್ತು ಆ ಹದಿನೆಂಟು ದಿನಗಳಲ್ಲಿ ನಡೆದ ಒಂದು ಕಷ್ಟದ ಲೆಕ್ಕದ ಬಗ್ಗೆ.

ಅಂಗಡಿಯ ಲೂಯಿಸ್

ವಾಶ್‌ಕಾನ್‌ಸ್ಕಿ ಹುಟ್ಟಿದ್ದು ಯುರೋಪಿನ ಲಿಥುವೇನಿಯಾದ ಒಂದು ಯಹೂದಿ ಕುಟುಂಬದಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಬಂದರು. ಆ ಕಾಲದಲ್ಲಿ ಲಿಥುವೇನಿಯಾದಿಂದ ಹೀಗೆ ಗಂಟುಮೂಟೆ ಕಟ್ಟಿಕೊಂಡು ಕೇಪ್‌ಟೌನ್ ಸೇರಿದ ಯಹೂದಿ ಮನೆತನಗಳು ಬಹಳ.

ಎರಡನೇ ಮಹಾಯುದ್ಧ ಬಂದಾಗ ಅವರು ಸೈನ್ಯ ಸೇರಿದರು. ಪೂರ್ವ ಆಫ್ರಿಕಾ, ಉತ್ತರ ಆಫ್ರಿಕಾ, ಇಟಲಿ ಎಲ್ಲ ಕಡೆ ಇದ್ದು ಬಂದರು. ಯುದ್ಧ ಮುಗಿದ ಮೇಲೆ ಕೇಪ್‌ಟೌನ್‌ನಲ್ಲೇ ನೆಲೆಸಿ ದಿನಸಿ ವ್ಯಾಪಾರ ಹಿಡಿದರು. ಹೆಂಡತಿ ಆ್ಯನ್, ಒಬ್ಬ ಮಗ. ಒಳ್ಳೆಯ ಮೈಕಟ್ಟಿನ ಆಸಾಮಿ. ಫುಟ್‌ಬಾಲ್ ಆಡುತ್ತಿದ್ದರು, ಈಜುತ್ತಿದ್ದರು, ಭಾರ ಎತ್ತುತ್ತಿದ್ದರು. ನಾಲ್ಕು ಜನ ಸೇರಿದ ಕಡೆ ನಗಿಸುತ್ತಾ ಇರುವ ಸ್ವಭಾವ.

ಇಂಥ ಮನುಷ್ಯನಿಗೆ ನಡುವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಅದರ ಜೊತೆಗೇ ಹೃದಯದ ತೊಂದರೆ. ಒಂದಾದ ಮೇಲೆ ಒಂದರಂತೆ ಮೂರು ಹೃದಯಾಘಾತಗಳಾದವು. ಪ್ರತಿ ಸಲ ಹೃದಯದ ಸ್ನಾಯುವಿನ ಒಂದಷ್ಟು ಭಾಗ ಸತ್ತು ಗಾಯದ ಕಲೆಯಾಗಿ ಉಳಿಯಿತು. ಮೂರನೆಯದಾದ ಮೇಲೆ ಉಳಿದ ಸ್ನಾಯುವಿಗೆ ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡುವ ಶಕ್ತಿಯೇ ಇರಲಿಲ್ಲ.

ಪಂಪ್ ಸೋತರೆ ಏನಾಗುತ್ತೆ ಅಂತ ನಮಗೆ ವಿವರಿಸಿ ಹೇಳಬೇಕಿಲ್ಲ. ಮುಂದಕ್ಕೆ ಹರಿಯದ ದ್ರವ ಹಿಂದಕ್ಕೆ ನಿಲ್ಲುತ್ತೆ. ವಾಶ್‌ಕಾನ್‌ಸ್ಕಿಯವರ ಕಾಲುಗಳು ನೀರು ತುಂಬಿ ಊದಿಕೊಂಡವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂತ್ರಪಿಂಡ, ಯಕೃತ್ತುಗಳೂ ಸೊರಗತೊಡಗಿದವು. 1967ರ ಸೆಪ್ಟೆಂಬರ್‌ನಲ್ಲಿ ಅವರನ್ನು ಗ್ರೂಟ್ ಸ್ಕೂರ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾಲಿನ ಚರ್ಮಕ್ಕೆ ಸೂಜಿ ಚುಚ್ಚಿ ತೂತು ಮಾಡಿ, ತುಂಬಿದ ನೀರನ್ನು ಹೊರಗೆ ಬಸಿಯಬೇಕಾಯಿತು. ಈ ತೂತುಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಚರ್ಮ ಅನ್ನೋದು ದೇಹದ ಮೊದಲ ಕೋಟೆಗೋಡೆ. ಅದರಲ್ಲಿ ತೂತು ಬಿತ್ತು ಅಂದ್ರೆ ಯಾರೋ ಒಳಗೆ ಬರೋಕೆ ದಾರಿ ಆಯ್ತು ಅಂತಲೇ ಅರ್ಥ.

ಎರಡು ದಾರಿ, ಎರಡೂ ಕಷ್ಟ

ಅದೇ ಆಸ್ಪತ್ರೆಯಲ್ಲಿದ್ದರು ಬರ್ನಾರ್ಡ್. ಅಮೆರಿಕದ ಮಿನೆಸೋಟದಲ್ಲಿ ತೆರೆದ ಹೃದಯ ಶಸ್ತ್ರಚಿಕಿತ್ಸೆ ಕಲಿತು ಬಂದವರು. ಊರಿಗೆ ಹಿಂತಿರುಗುವಾಗ ಅವರ ಗುರು ಓವನ್ ವ್ಯಾಂಗೆನ್‌ಸ್ಟೀನ್ ಒಂದು ಹಾರ್ಟ್-ಲಂಗ್ ಮಷಿನ್ ಕೊಡಿಸಿ ಕಳಿಸಿದ್ದರು. ಶಸ್ತ್ರಚಿಕಿತ್ಸೆ ನಡೆಯುವಾಗ ರಕ್ತವನ್ನು ದೇಹದಿಂದ ಹೊರಗೆ ತಂದು, ಅದಕ್ಕೆ ಆಮ್ಲಜನಕ ಸೇರಿಸಿ, ಮತ್ತೆ ದೇಹಕ್ಕೆ ಪಂಪ್ ಮಾಡುವ ಯಂತ್ರ ಅದು. ಆ ಯಂತ್ರ ಇಲ್ಲದೆ ಹೃದಯವನ್ನು ಹೊರತೆಗೆಯೋದು ಕನಸಿನ ಮಾತು. ಬರ್ನಾರ್ಡ್ ವರ್ಷಗಟ್ಟಲೆ ನಾಯಿಗಳ ಮೇಲೆ ಹೃದಯ ಕಸಿ ಅಭ್ಯಾಸ ಮಾಡಿದ್ದರು. ಹೊಲಿಗೆ ಹಾಕುವ ವಿಧಾನ ಹೆಚ್ಚುಕಡಿಮೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಾರ್ಮನ್ ಶಮ್ವೇ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಅಂದ್ರೆ 1967ರ ಹೊತ್ತಿಗೆ ಕಸಿಯ ಪ್ಲಂಬಿಂಗ್ ಭಾಗ ಬಹುಮಟ್ಟಿಗೆ ಗೊತ್ತಿತ್ತು.

ಗೊತ್ತಿಲ್ಲದಿದ್ದದ್ದು ಬೇರೆ. ನಮ್ಮ ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು, ಹೊರಗಿನದು ಯಾವುದು ಅಂತ ಗುರುತಿಸುತ್ತೆ. ಹೊರಗಿನದು ಅಂತ ಕಂಡರೆ ದಾಳಿ ಮಾಡುತ್ತೆ. ಬ್ಯಾಕ್ಟೀರಿಯಾ ಬಂದರೆ ಅದು ಸರಿಯೇ. ಆದರೆ ಪ್ರಾಣ ಉಳಿಸಲು ಇಟ್ಟ ಹೃದಯವನ್ನೂ ಅದು ಹೊರಗಿನದೆಂದೇ ನೋಡುತ್ತೆ. ಇದಕ್ಕೆ ತಿರಸ್ಕಾರ ಅನ್ನುತ್ತಾರೆ. ಇಂಗ್ಲೆಂಡಿನ ಪೀಟರ್ ಮೆಡವಾರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗಳಿಗೆ ಚರ್ಮ ಕಸಿ ಮಾಡುವುದನ್ನು ಅಧ್ಯಯನ ಮಾಡುತ್ತಾ ಈ ತಿರಸ್ಕಾರ ರೋಗನಿರೋಧಕ ವ್ಯವಸ್ಥೆಯದೇ ಕೆಲಸ ಅಂತ ತೋರಿಸಿದ್ದರು. 1960ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೇ ಮಾಡಿದ ಮೂತ್ರಪಿಂಡ ಕಸಿ ಗೆದ್ದದ್ದು ಯಾಕೆ ಗೊತ್ತಾ? ಕೊಟ್ಟವರು, ಪಡೆದವರು ಇಬ್ಬರೂ ತದ್ರೂಪಿ ಅವಳಿಗಳು. ಕಾವಲುಗಾರನ ಕಣ್ಣಿಗೆ ಹೊಸ ಅಂಗ ಮನೆಯದೇ ಅಂತ ಕಂಡಿತು, ಅಷ್ಟೇ.

ಅವಳಿ ಇಲ್ಲದವರಿಗೆ ಏನು ದಾರಿ? ಕಾವಲುಗಾರನಿಗೇ ಮಂಪರು ಬರಿಸೋದು. ಅದಕ್ಕೆ 1960ರ ದಶಕದಲ್ಲಿ ಎರಡು ಮುಖ್ಯ ಔಷಧಿಗಳಿದ್ದವು. ಒಂದು ಅಜಥಯೋಪ್ರಿನ್. ಅದು ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ತಡೆಯುತ್ತೆ, ಹಾಗಾಗಿ ಬಿಳಿ ರಕ್ತಕಣಗಳ ಉತ್ಪಾದನೆಯೇ ಕಡಿಮೆಯಾಗುತ್ತೆ. ಇನ್ನೊಂದು ಸ್ಟೆರಾಯ್ಡ್. ಎರಡೂ ಒರಟು ಅಸ್ತ್ರಗಳು. ಹೃದಯದ ಮೇಲೆ ಬೀಳುವ ಸೈನಿಕರನ್ನು ಮಾತ್ರ ತಡೆದು, ಬ್ಯಾಕ್ಟೀರಿಯಾದ ಮೇಲೆ ಹೋಗುವವರನ್ನು ಬಿಟ್ಟುಬಿಡಿ ಅಂತ ಹೇಳೋಕೆ ಅವುಗಳಿಗೆ ಬರೋದಿಲ್ಲ. ಮಂಪರು ಬಂದರೆ ಇಡೀ ಸೈನ್ಯಕ್ಕೇ ಬರುತ್ತೆ. ಔಷಧಿ ಕಡಿಮೆಯಾದರೆ ಹೃದಯ ಹೋಗುತ್ತೆ, ಹೆಚ್ಚಾದರೆ ಸೋಂಕು ಬರುತ್ತೆ. ನಮ್ಮ ಹಿರಿಯರು ಹೇಳೋ ಹಾಗೆ ಅತ್ತ ದರಿ, ಇತ್ತ ಪುಲಿ.

ನವೆಂಬರ್‌ನಲ್ಲಿ ಬರ್ನಾರ್ಡ್ ವಾಶ್‌ಕಾನ್‌ಸ್ಕಿಯವರ ಹಾಸಿಗೆಯ ಪಕ್ಕಕ್ಕೆ ಬಂದು ವಿಷಯ ಇಟ್ಟರು. ಇದುವರೆಗೆ ಮನುಷ್ಯರಲ್ಲಿ ಯಾರೂ ಗೆಲ್ಲದ ಕೆಲಸ. ಹೀಗೇ ಬಿಟ್ಟರೆ ಉಳಿಯೋದು ಕೆಲವೇ ವಾರ. ವಾಶ್‌ಕಾನ್‌ಸ್ಕಿ ಒಪ್ಪಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅಂಗಡಿ ನಡೆಸಿದ ಮನುಷ್ಯ, ಯುದ್ಧ ನೋಡಿದ ಮನುಷ್ಯ. ಯಾವ ತಕ್ಕಡಿ ಯಾವ ಕಡೆ ವಾಲಿದೆ ಅಂತ ಅವರಿಗೆ ಯಾರೂ ತಿಳಿಹೇಳಬೇಕಾಗಿರಲಿಲ್ಲ.

ಒಂದು ಶನಿವಾರದ ಮಧ್ಯಾಹ್ನ

1967ರ ಡಿಸೆಂಬರ್ 2, ಶನಿವಾರ. ಆಸ್ಪತ್ರೆಗೆ ಹತ್ತಿರವೇ ಇರುವ ಅಬ್ಸರ್ವೇಟರಿ ಬಡಾವಣೆಯ ಮುಖ್ಯರಸ್ತೆಯಲ್ಲಿ ಒಂದು ಕುಟುಂಬ ಕಾರು ನಿಲ್ಲಿಸಿತು. ಯಾರದೋ ಮನೆಗೆ ಚಹಾಕ್ಕೆ ಹೊರಟವರು, ಕೇಕ್ ತೆಗೆದುಕೊಂಡು ಹೋಗೋಣ ಅಂತ ಇಳಿದರು. ಬ್ಯಾಂಕ್ ಉದ್ಯೋಗಿ, 25 ವರ್ಷದ ಡೆನಿಸ್ ಡಾರ್ವಾಲ್ ಮತ್ತು ಅವರ ತಾಯಿ ರಸ್ತೆ ದಾಟುವಾಗ ಒಂದು ಕಾರು ಇಬ್ಬರಿಗೂ ಗುದ್ದಿತು. ತಾಯಿ ಅಲ್ಲೇ ಹೋದರು. ಡೆನಿಸ್‌ಗೆ ತಲೆಬುರುಡೆ ಒಡೆದಿತ್ತು. ಮೆದುಳು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಹೃದಯ ಮಾತ್ರ ಬಡಿಯುತ್ತಿತ್ತು.

ಅವರ ತಂದೆ ಎಡ್ವರ್ಡ್ ಡಾರ್ವಾಲ್. ಅರ್ಧ ದಿನದಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡು ಆಸ್ಪತ್ರೆಯಲ್ಲಿ ಕೂತಿದ್ದ ಆ ಮನುಷ್ಯನ ಮುಂದೆ ಡಾಕ್ಟರುಗಳು ಬಂದು ಹೃದಯ ಕೊಡ್ತೀರಾ ಅಂತ ಕೇಳಿದರು. ಅವರು ನಾಲ್ಕು ನಿಮಿಷ ಯೋಚಿಸಿ ಒಪ್ಪಿದರು ಅಂತ ಆಮೇಲೆ ಪ್ರಸಿದ್ಧವಾಯ್ತು. ಮಿದುಳಿನ ಸಾವನ್ನು ಹೇಗೆ ನಿರ್ಧರಿಸಬೇಕು ಅನ್ನುವ ಹಾರ್ವರ್ಡ್ ಸಮಿತಿಯ ವರದಿ ಬಂದದ್ದು ಮರುವರ್ಷ, 1968ರಲ್ಲಿ. ಅಂಥ ಯಾವ ಮಾರ್ಗಸೂಚಿಯೂ ಇಲ್ಲದ ಹೊತ್ತಿನಲ್ಲಿ ಆ ತಂದೆ ತೆಗೆದುಕೊಂಡ ತೀರ್ಮಾನ ಅದು. ಡೆನಿಸ್ ಅವರ ಒಂದು ಮೂತ್ರಪಿಂಡ ಹತ್ತು ವರ್ಷದ ಒಬ್ಬ ಹುಡುಗನಿಗೆ ಹೋಯಿತು. ಆ ಹುಡುಗ ಬಿಳಿಯನಲ್ಲ. ವರ್ಣಭೇದವೇ ಕಾನೂನಾಗಿದ್ದ ದೇಶದಲ್ಲಿ ಬಿಳಿ ಹೆಣ್ಣುಮಗಳ ಅಂಗ ಅವನ ದೇಹದಲ್ಲಿ ಕೆಲಸ ಶುರು ಮಾಡಿತು. ಅದರ ಬಗ್ಗೆ ದೇಶದಲ್ಲಿ ದೊಡ್ಡ ಚರ್ಚೆಯೇ ಆಯ್ತು.

ಮಧ್ಯರಾತ್ರಿ ದಾಟಿ ಡಿಸೆಂಬರ್ 3, ಭಾನುವಾರ. ಅಕ್ಕಪಕ್ಕದ ಎರಡು ಆಪರೇಷನ್ ಥಿಯೇಟರ್‌ಗಳು. ಸುಮಾರು 30 ಜನರ ತಂಡ. ಬರ್ನಾರ್ಡ್ ಅವರ ತಮ್ಮ ಮೇರಿಯಸ್ ಕೂಡ ಆ ತಂಡದಲ್ಲಿದ್ದರು. ಹಳೆಯ ಹೃದಯ ಹೊರಗೆ ಬಂತು, ಹೊಸದು ಒಳಗೆ ಹೋಯಿತು, ರಕ್ತನಾಳಗಳ ಹೊಲಿಗೆ ಮುಗಿಯಿತು. ಬೆಳಗಿನ ಜಾವ ವಿದ್ಯುತ್ ಆಘಾತ ಕೊಟ್ಟರು. ಡೆನಿಸ್ ಅವರ ಹೃದಯ ವಾಶ್‌ಕಾನ್‌ಸ್ಕಿಯವರ ಎದೆಯಲ್ಲಿ ಬಡಿಯತೊಡಗಿತು. ಕೊನೆಗೆ ಹಾರ್ಟ್-ಲಂಗ್ ಮಷಿನ್ ನಿಲ್ಲಿಸಿದಾಗಲೂ ಅದು ನಿಲ್ಲಲಿಲ್ಲ.

ಬೇಲಿ ತೆಗೆದ ಹೊಲ

ಮೊದಲ ದಿನಗಳು ನಿಜಕ್ಕೂ ಹಬ್ಬ. ಕಾಲಿನ ಊತ ಇಳಿಯಿತು. ಎಷ್ಟೋ ತಿಂಗಳ ಮೇಲೆ ಅವರು ಸರಾಗವಾಗಿ ಉಸಿರಾಡಿದರು. ಮಾತಾಡಿದರು, ಊಟ ಮಾಡಿದರು, ನರ್ಸ್‌ಗಳನ್ನು ನಗಿಸಿದರು. ರೇಡಿಯೊದವರು, ಪತ್ರಿಕೆಯವರು, ಕ್ಯಾಮೆರಾದವರು ಆಸ್ಪತ್ರೆಯನ್ನು ಮುತ್ತಿಕೊಂಡರು.

ಒಳಗೆ ಬೇರೆಯದೇ ಲೆಕ್ಕ ನಡೆಯುತ್ತಿತ್ತು. ಅಜಥಯೋಪ್ರಿನ್, ಸ್ಟೆರಾಯ್ಡ್, ಆಕ್ಟಿನೋಮೈಸಿನ್ ಎಂಬ ಮತ್ತೊಂದು ಔಷಧಿ, ಸಾಲದ್ದಕ್ಕೆ ಹೃದಯದ ಭಾಗಕ್ಕೆ ಕೋಬಾಲ್ಟ್ ವಿಕಿರಣ. ತಿರಸ್ಕಾರ ಆಗಬಾರದು ಅಂತ ಇದ್ದಬದ್ದ ಅಸ್ತ್ರಗಳನ್ನೆಲ್ಲ ಹೂಡಿದ್ದರು. ಸೋಂಕಿನ ಭಯ ಅವರಿಗೆ ಇರಲಿಲ್ಲ ಅಂತಲ್ಲ. ಕೋಣೆಯೊಳಗೆ ಹೋಗುವವರು ಮಾಸ್ಕ್, ಗೌನ್ ಹಾಕಬೇಕಿತ್ತು. ಸ್ವಾಬ್ ತೆಗೆದು ಲ್ಯಾಬ್‌ಗೆ ಕಳಿಸುತ್ತಿದ್ದರು. ಆದರೆ ಮಾಸ್ಕ್ ಹೊರಗಿನಿಂದ ಬರೋ ಕ್ರಿಮಿಯನ್ನು ತಡೆಯಬಹುದು. ಒಳಗೇ ಇರುವುದನ್ನು ಏನು ಮಾಡೋದು?

ಇಲ್ಲಿ ಸಮಯಸಾಧಕ ಬ್ಯಾಕ್ಟೀರಿಯಾ ಅನ್ನೋ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಕಾಲರಾ, ಪ್ಲೇಗ್ ತರುವ ಬ್ಯಾಕ್ಟೀರಿಯಾಗಳು ಕಾಡಿನ ಹುಲಿಯ ಹಾಗೆ. ಗಟ್ಟಿಮುಟ್ಟಾದವರ ಮೇಲೂ ಎಗರುತ್ತವೆ. ಸಮಯಸಾಧಕಗಳು ಹಾಗಲ್ಲ, ಅವು ಪಕ್ಕದ ಮನೆಯ ದನದ ಹಾಗೆ. ಬೇಲಿ ಇದ್ದಷ್ಟು ದಿನ ತಮ್ಮ ಪಾಡಿಗೆ ತಾವು ಮೇಯ್ತಾ ಇರುತ್ತವೆ. ಬೇಲಿ ಕಿತ್ತ ದಿನ ಹೊಲಕ್ಕೆ ನುಗ್ಗುತ್ತವೆ. ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಕರುಳಿನಲ್ಲೇ ವಾಸ ಮಾಡುತ್ತೆ. ಸ್ಯೂಡೊಮೊನಾಸ್ ಅನ್ನೋದು ತೇವ ಇದ್ದ ಕಡೆಯೆಲ್ಲ ಸಿಗುತ್ತೆ: ಮಣ್ಣು, ನಲ್ಲಿ, ಸಿಂಕು, ಹೂದಾನಿಯ ನೀರು. ಇವುಗಳಿಂದ ನಮಗೆ ನಿಮಗೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಒಂದೆರಡು ಒಳಗೆ ಹೋದರೂ ಬಿಳಿ ರಕ್ತಕಣಗಳು ಸದ್ದಿಲ್ಲದೆ ನುಂಗಿಹಾಕುತ್ತವೆ.

ಕಸಿ ಮಾಡಿಸಿಕೊಂಡ ರೋಗಿಯ ಕಥೆ ಬೇರೆ. ಬಿಳಿ ರಕ್ತಕಣಗಳು ಕಡಿಮೆ. ಎದೆಯಲ್ಲಿ ಹಸಿ ಗಾಯ. ರಕ್ತನಾಳದಲ್ಲಿ, ಮೂತ್ರಕೋಶದಲ್ಲಿ ಕೊಳವೆಗಳು. ಈ ಕೊಳವೆಗಳ ಪ್ಲಾಸ್ಟಿಕ್ ಮೇಲ್ಮೈಗೆ ಬ್ಯಾಕ್ಟೀರಿಯಾ ಅಂಟಿಕೊಂಡು ಸುತ್ತ ಒಂದು ಲೋಳೆಯ ಪದರ ಕಟ್ಟಿಕೊಳ್ಳುತ್ತೆ. ಅದಕ್ಕೆ ಬಯೋಫಿಲ್ಮ್ ಅಂತಾರೆ. ತೊಟ್ಟಿಯ ಒಳಗೋಡೆಗೆ ಪಾಚಿ ಕಟ್ಟುತ್ತಲ್ಲ, ಹಾಗೆಯೇ. ಆ ಪದರದೊಳಗೆ ಆ್ಯಂಟಿಬಯೋಟಿಕ್ ಸರಿಯಾಗಿ ಕೆಲಸ ಮಾಡಲ್ಲ. ಜೊತೆಗೆ ವಾಶ್‌ಕಾನ್‌ಸ್ಕಿಯವರಿಗೆ ಸಕ್ಕರೆ ಕಾಯಿಲೆ ಬೇರೆ ಇತ್ತು, ತಿಂಗಳುಗಟ್ಟಲೆ ಮಲಗಿ ಬಳಲಿದ ಶ್ವಾಸಕೋಶ ಇತ್ತು, ಸೂಜಿಯ ತೂತು ಬಿದ್ದ ಕಾಲಿತ್ತು. ಬೇಲಿ ಒಂದು ಕಡೆಯಲ್ಲ, ನಾಲ್ಕೂ ಕಡೆ ಮುರಿದಿತ್ತು.

ಎಕ್ಸ್‌ರೇಯಲ್ಲಿ ಕಂಡ ನೆರಳು

ಎರಡನೇ ವಾರದ ಕೊನೆಯ ಹೊತ್ತಿಗೆ ವಾಶ್‌ಕಾನ್‌ಸ್ಕಿ ಮಂಕಾದರು. ನಗು ಕಡಿಮೆಯಾಯಿತು. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ನೆರಳು ಕಾಣಿಸಿತು. ಇದು ಏನು?

ಈ ಪ್ರಶ್ನೆಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದ್ರೆ ಅವರ ಕಥೆಯ ತಿರುಳೇ ಇಲ್ಲಿದೆ. ನೆರಳಿಗೆ ಕಾರಣ ಒಂದಕ್ಕಿಂತ ಹೆಚ್ಚು ಇರಬಹುದು. ದೇಹ ಹೃದಯವನ್ನು ತಿರಸ್ಕರಿಸುತ್ತಾ ಇದ್ದು, ಪಂಪ್ ಸೋತು, ಶ್ವಾಸಕೋಶದಲ್ಲಿ ನೀರು ನಿಂತಿರಬಹುದು. ರಕ್ತದ ಹೆಪ್ಪು ಹೋಗಿ ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡಿರಬಹುದು. ಅಥವಾ ಸೋಂಕು ತಗುಲಿ ನ್ಯುಮೋನಿಯಾ ಆಗಿರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ: ಸುಸ್ತು, ಏದುಸಿರು, ನೆರಳು. ಜ್ವರವನ್ನು ನೋಡಿ ತೀರ್ಮಾನ ಮಾಡೋಣ ಅಂದ್ರೆ ಸ್ಟೆರಾಯ್ಡ್ ಜ್ವರವನ್ನೇ ಅಡಗಿಸಿಬಿಡುತ್ತೆ. ಬಿಳಿ ರಕ್ತಕಣದ ಲೆಕ್ಕ ನೋಡೋಣ ಅಂದ್ರೆ ಅದನ್ನು ಔಷಧಿಯೇ ಏರುಪೇರು ಮಾಡಿರುತ್ತೆ.

ಲಕ್ಷಣ ಒಂದೇ ಆದರೂ ಚಿಕಿತ್ಸೆ ಪೂರ್ತಿ ಉಲ್ಟಾ. ತಿರಸ್ಕಾರವಾದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಬೇಕು. ಸೋಂಕಾದರೆ ಅದನ್ನು ಎದ್ದು ನಿಲ್ಲಲು ಬಿಡಬೇಕು. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಎರಡು ವಿರುದ್ಧ ದೋಷಗಳಿಗೆ ಸೆನ್ಸರ್ ಒಂದೇ ರೀಡಿಂಗ್ ಕೊಡ್ತಾ ಇದೆ. ಆಗ ಫೀಡ್‌ಬ್ಯಾಕ್‌ನ ಚಿಹ್ನೆ ಪ್ಲಸ್ಸೋ ಮೈನಸ್ಸೋ ಗೊತ್ತಾಗಲ್ಲ. ತಪ್ಪು ಚಿಹ್ನೆ ಹಾಕಿದರೆ ಸರಿಪಡಿಸಲು ಮಾಡುವ ಪ್ರತಿ ಪ್ರಯತ್ನವೂ ವ್ಯವಸ್ಥೆಯನ್ನು ಇನ್ನಷ್ಟು ದೂರ ತಳ್ಳುತ್ತೆ.

ಬರ್ನಾರ್ಡ್ ತಂಡ ಹೆಚ್ಚು ಹೆದರಿದ್ದು ತಿರಸ್ಕಾರಕ್ಕೆ. ಇಡೀ ಜಗತ್ತು ಹೆದರಿದ್ದೂ ಅದಕ್ಕೇ. ಅಂಗ ಕಸಿಯ ಇತಿಹಾಸವೆಲ್ಲ ತಿರಸ್ಕಾರದ ಸೋಲುಗಳಿಂದಲೇ ತುಂಬಿತ್ತು. ಹಾಗಾಗಿ ಅವರು ತಿರಸ್ಕಾರದ ಚಿಕಿತ್ಸೆಯನ್ನು ಬಲಪಡಿಸಿದರು. ಇದ್ದ ಅಲ್ಪಸ್ವಲ್ಪ ಕಾವಲೂ ಕುಸಿಯಿತು. ನಿಜವಾಗಿ ಅದು ನ್ಯುಮೋನಿಯಾ ಅಂತ ಖಚಿತವಾಗಿ, ಭಾರೀ ಪ್ರಮಾಣದ ಆ್ಯಂಟಿಬಯೋಟಿಕ್ ಕೊಡತೊಡಗಿದಾಗ ಹೊತ್ತು ಮೀರಿತ್ತು. ಎರಡೂ ಶ್ವಾಸಕೋಶಗಳು ತುಂಬಿಕೊಂಡಿದ್ದವು. ಉಸಿರಾಟಕ್ಕೆ ಯಂತ್ರ ಜೋಡಿಸಬೇಕಾಯಿತು. ವಿಚಿತ್ರ ಏನು ಗೊತ್ತಾ, ಆ ಹೊತ್ತಿನಲ್ಲೂ ಡೆನಿಸ್ ಅವರ ಹೃದಯ ಆಮ್ಲಜನಕ ಕಡಿಮೆಯಾದ ರಕ್ತವನ್ನೇ ನಿಷ್ಠೆಯಿಂದ ಪಂಪ್ ಮಾಡುತ್ತಲೇ ಇತ್ತು.

1967ರ ಡಿಸೆಂಬರ್ 21ರ ಬೆಳಗಿನ ಜಾವ ಲೂಯಿಸ್ ವಾಶ್‌ಕಾನ್‌ಸ್ಕಿ ತೀರಿಕೊಂಡರು. ಶವಪರೀಕ್ಷೆಯಲ್ಲಿ ಎರಡೂ ಕಡೆಯ ನ್ಯುಮೋನಿಯಾ ಸ್ಪಷ್ಟವಾಗಿತ್ತು. ಸಿಕ್ಕಿಬಿದ್ದವರು ಕ್ಲೆಬ್ಸಿಯೆಲ್ಲಾ ಮತ್ತು ಸ್ಯೂಡೊಮೊನಾಸ್. ಯಾವುದರ ಭಯಕ್ಕೆ ಅಷ್ಟೆಲ್ಲ ಔಷಧಿ ಕೊಟ್ಟಿದ್ದರೋ, ಹೃದಯದಲ್ಲಿ ಆ ತಿರಸ್ಕಾರದ ಗುರುತು ಹೇಳಿಕೊಳ್ಳುವಷ್ಟು ಇರಲಿಲ್ಲ.

ಈಗ ಕೂತು ಆ ಡಾಕ್ಟರುಗಳನ್ನು ಬೈಯೋದು ಸುಲಭ. ಆದರೆ ಅವರ ಕೈಯಲ್ಲಿ ಏನಿತ್ತು ಅಂತ ನೋಡಿ. ಇಸಿಜಿ, ಎಕ್ಸ್‌ರೇ, ರಕ್ತಪರೀಕ್ಷೆ, ಕಲ್ಚರ್. ಕಲ್ಚರ್ ಅಂದ್ರೆ ಬ್ಯಾಕ್ಟೀರಿಯಾ ಬೆಳೆಯೋವರೆಗೆ ಕಾಯಬೇಕು, ಒಂದೆರಡು ದಿನವಾದರೂ ಬೇಕು. ಹೃದಯದೊಳಗೆ ನಿಜವಾಗಿ ಏನಾಗ್ತಾ ಇದೆ ಅಂತ ತೋರಿಸುವ ಒಂದು ಸಾಧನವೂ ಇರಲಿಲ್ಲ. ಕೊರತೆ ಇದ್ದದ್ದು ಧೈರ್ಯದ್ದಲ್ಲ, ಅಳತೆಯದ್ದು.

ಆ ಸಾವು ಕಲಿಸಿದ್ದು

ಹನ್ನೆರಡು ದಿನ ಕಳೆಯುವಷ್ಟರಲ್ಲಿ, 1968ರ ಜನವರಿ 2ರಂದು, ಬರ್ನಾರ್ಡ್ ಎರಡನೇ ಕಸಿ ಮಾಡಿದರು. ರೋಗಿ ಫಿಲಿಪ್ ಬ್ಲೈಬರ್ಗ್, ವೃತ್ತಿಯಲ್ಲಿ ದಂತವೈದ್ಯ. ಈ ಸಲ ಸೋಂಕಿನ ಬಗ್ಗೆ ಎಚ್ಚರ ಬಹಳ ಹೆಚ್ಚಾಗಿತ್ತು. ಬ್ಲೈಬರ್ಗ್ ಆಸ್ಪತ್ರೆಯಿಂದ ನಡೆದು ಮನೆಗೆ ಹೋದರು, ಹತ್ತೊಂಬತ್ತು ತಿಂಗಳು ಬದುಕಿದರು. ವಾಶ್‌ಕಾನ್‌ಸ್ಕಿ ಕಲಿಸಿದ ಪಾಠದ ಮೊದಲ ಫಲಾನುಭವಿ ಅವರೇ ಅಂತ ನಮಗೆ ಅನ್ನಿಸುತ್ತೆ.

ಆಮೇಲೆ ಜಗತ್ತಿನಲ್ಲೆಲ್ಲ ಕಸಿಯ ಜಾತ್ರೆ. 1968ರ ಒಂದೇ ವರ್ಷದಲ್ಲಿ ನೂರರ ಹತ್ತಿರ ಹೃದಯ ಕಸಿಗಳಾದವು. ಅದೇ ಫೆಬ್ರವರಿಯಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಭಾರತದ ಮೊದಲ ಹೃದಯ ಕಸಿ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಬೇರೆ ಕಡೆಯೂ ಹೆಚ್ಚಿನವರು ತಿರಸ್ಕಾರದಿಂದಲೋ ಸೋಂಕಿನಿಂದಲೋ ಬೇಗ ತೀರಿಕೊಂಡರು. ಒಂದೆರಡು ವರ್ಷದಲ್ಲಿ ಬಹುತೇಕ ಆಸ್ಪತ್ರೆಗಳು ಇದರ ಸಹವಾಸವೇ ಬೇಡ ಅಂತ ಕೈಬಿಟ್ಟವು.

ಬಿಡದೆ ಕೂತವರು ಕೆಲವರು. ಬರ್ನಾರ್ಡ್ ಮುಂದುವರಿಸಿದರು, 1971ರಲ್ಲಿ ಅವರು ಕಸಿ ಮಾಡಿದ ಒಬ್ಬ ರೋಗಿ 23 ವರ್ಷ ಬದುಕಿದರು. ಸ್ಟ್ಯಾನ್‌ಫರ್ಡ್‌ನ ಶಮ್ವೇ ತಂಡ ಅಳತೆಯ ಸಮಸ್ಯೆಗೇ ಕೈಹಾಕಿತು. 1970ರ ದಶಕದ ಮೊದಲಲ್ಲಿ ಅಲ್ಲಿದ್ದ ಉತ್ತರ ಐರ್ಲೆಂಡಿನ ಸರ್ಜನ್ ಫಿಲಿಪ್ ಕೇವ್ಸ್ ಒಂದು ಸಾಧನ ರೂಪಿಸಿದರು. ಬಯೋಪ್ಟೋಮ್ ಅಂತ ಅದರ ಹೆಸರು. ಉದ್ದನೆಯ ಬಳುಕುವ ತಂತಿ, ತುದಿಯಲ್ಲಿ ಪುಟ್ಟ ದವಡೆ. ಕುತ್ತಿಗೆಯ ರಕ್ತನಾಳದ ಮೂಲಕ ಅದನ್ನು ಹೃದಯದ ಬಲಗೋಣೆಗೆ ಇಳಿಸಿ, ಅಕ್ಕಿಕಾಳಿಗಿಂತ ಚಿಕ್ಕ ಚೂರು ಸ್ನಾಯು ಕಿತ್ತು ತಂದು, ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ತಿರಸ್ಕಾರ ಇದ್ದರೆ ದಾಳಿ ಮಾಡುವ ಕೋಶಗಳು ಕಣ್ಣಿಗೇ ಕಾಣುತ್ತವೆ, ಇಲ್ಲದಿದ್ದರೆ ಇಲ್ಲ. ಎದೆ ಕೊಯ್ಯಬೇಕಿಲ್ಲ. ನೋಡೋಕೆ ಒಂದು ತಂತಿ, ಒಂದು ಚಿಮಟ. ಆದರೆ ವಾಶ್‌ಕಾನ್‌ಸ್ಕಿಯವರ ಹಾಸಿಗೆಯ ಸುತ್ತ ನಿಂತವರಿಗೆ ಬೇಕಾಗಿದ್ದದ್ದು ಸರಿಯಾಗಿ ಇದೇ.

ಎರಡನೇ ಉತ್ತರ ಮಣ್ಣಿನಿಂದ ಬಂತು. ನಾರ್ವೆಯ ಹರ್ದಾಂಗರ್ ಪ್ರಸ್ಥಭೂಮಿಯಿಂದ ತಂದ ಮಣ್ಣಿನ ಮಾದರಿಯಲ್ಲಿದ್ದ ಒಂದು ಶಿಲೀಂಧ್ರದಿಂದ ಸ್ವಿಟ್ಜರ್ಲೆಂಡಿನ ಸ್ಯಾಂಡೋಸ್ ಕಂಪನಿ ಸೈಕ್ಲೋಸ್ಪೋರಿನ್ ಅನ್ನೋ ಔಷಧಿ ತೆಗೆಯಿತು. ಇದು ತಿರಸ್ಕಾರಕ್ಕೆ ಮುಖ್ಯ ಕಾರಣವಾದ ಟಿ ಕೋಶಗಳನ್ನು ಹೆಚ್ಚು ಗುರಿಯಿಟ್ಟು ತಡೆಯುತ್ತೆ. ಬಿಳಿ ರಕ್ತಕಣಗಳ ಕಾರ್ಖಾನೆಯನ್ನೇ ಮುಚ್ಚಿಸೋದಿಲ್ಲ. 1980ರ ದಶಕದಲ್ಲಿ ಇದು ಬಳಕೆಗೆ ಬಂದ ಮೇಲೆ ಹೃದಯ ಕಸಿ ಮತ್ತೆ ಎದ್ದು ನಿಂತಿತು. ಆಮೇಲೆ ಬಂದ ಟ್ಯಾಕ್ರೋಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾ ಕಡೆಯ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ. ಅಂದ್ರೆ ಬ್ಯಾಕ್ಟೀರಿಯಾ ಕೊಂದದ್ದೂ ಉಂಟು, ಕಾದದ್ದೂ ಉಂಟು. ಈ ಔಷಧಿಗಳ ಮಟ್ಟವನ್ನು ರಕ್ತದಲ್ಲಿ ಅಳೆದು ಡೋಸ್ ಹೊಂದಿಸುತ್ತಾರೆ. ಸೋಂಕು ಬಂದರೆ ಎಷ್ಟು ಇಳಿಸಬೇಕು ಅಂತ ಯೋಚಿಸುವಾಗ ಕೈಯಲ್ಲಿ ಒಂದು ಸಂಖ್ಯೆ ಇರುತ್ತೆ.

ಸೋಂಕಿನ ಕಡೆಯಿಂದಲೂ ತಿಳಿವಳಿಕೆ ಬೆಳೆಯಿತು. ಕಸಿಯಾದ ಮೇಲೆ ಯಾವ ಸೋಂಕು ಯಾವಾಗ ಬರುತ್ತೆ ಅನ್ನೋದಕ್ಕೆ ಒಂದು ವೇಳಾಪಟ್ಟಿಯೇ ಇದೆ ಅಂತ 1980ರ ದಶಕದ ಆರಂಭದಲ್ಲಿ ಬಾಸ್ಟನ್‌ನ ರಾಬರ್ಟ್ ರೂಬಿನ್ ಮತ್ತು ಸಂಗಡಿಗರು ಗುರುತಿಸಿದರು. ಮೊದಲ ತಿಂಗಳು ಆಸ್ಪತ್ರೆಯ ಕ್ರಿಮಿಗಳು: ಗಾಯ, ಕೊಳವೆ, ವೆಂಟಿಲೇಟರ್ ಮೂಲಕ ಬರುವಂಥವು. ವಾಶ್‌ಕಾನ್‌ಸ್ಕಿಯವರದು ಈ ಗುಂಪು. ಒಂದರಿಂದ ಆರನೇ ತಿಂಗಳವರೆಗೆ ಔಷಧಿಯ ಪರಿಣಾಮ ಪೂರ್ತಿ ಏರಿರುತ್ತೆ, ಆಗ ನಿಜವಾದ ಸಮಯಸಾಧಕಗಳ ಕಾಲ: ಮಣ್ಣಿನ ನೊಕಾರ್ಡಿಯಾ, ಹಸಿ ಹಾಲು ಮತ್ತು ಸರಿಯಾಗಿ ಬೇಯದ ಆಹಾರದಿಂದ ಬರುವ ಲಿಸ್ಟೀರಿಯಾ ಇತ್ಯಾದಿ. ಆರು ತಿಂಗಳ ನಂತರ ಊರಿನವರಿಗೆಲ್ಲ ಬರುವ ಸೋಂಕುಗಳೇ ಇವರಿಗೂ ಬರುತ್ತವೆ, ಸ್ವಲ್ಪ ಜೋರಾಗಿ. ಯಾವುದು ಯಾವಾಗ ಅಂತ ಗೊತ್ತಿದ್ದರೆ ಮುಂಚೆಯೇ ತಡೆಯುವ ಮಾತ್ರೆ ಕೊಡಬಹುದು. ಇವತ್ತು ಕೋಟ್ರೈಮೋಕ್ಸಝೋಲ್ ಅನ್ನೋ ಹಳೆಯ, ಅಗ್ಗದ ಮಾತ್ರೆಯನ್ನು ಕಸಿಯಾದವರಿಗೆ ತಿಂಗಳುಗಟ್ಟಲೆ ಕೊಡುವುದು ಇದೇ ಲೆಕ್ಕದಿಂದ.

ನಮ್ಮ ಪಾಲಿನ ಕೆಲಸ

ಭಾರತದಲ್ಲಿ ಹೃದಯ ಕಸಿ ಯಶಸ್ವಿಯಾದದ್ದು 1994ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡದಿಂದ. ಅಂಗಾಂಗ ಕಸಿಯ ಕಾಯ್ದೆ ಬಂದದ್ದೂ ಅದೇ ವರ್ಷ. ನಮ್ಮ ರಾಜ್ಯದಲ್ಲಿ ದಾನವಾದ ಅಂಗಗಳನ್ನು ಹಂಚುವ ಹೊಣೆ ಜೀವಸಾರ್ಥಕತೆ ಸಂಸ್ಥೆಯದು. ಬೆಂಗಳೂರಿನ ಟ್ರಾಫಿಕ್ ನಡುವೆ ಗ್ರೀನ್ ಕಾರಿಡಾರ್ ಮಾಡಿ ಆ್ಯಂಬುಲೆನ್ಸ್ ಓಡುವ ವಿಡಿಯೋ ನೋಡಿ ನಾವೆಲ್ಲ ಚಪ್ಪಾಳೆ ಹೊಡೀತೀವಿ. ಹೊಡೀಲೇಬೇಕು. ಆದರೆ ಆ್ಯಂಬುಲೆನ್ಸ್ ನಿಂತ ಮೇಲೆ ಶುರುವಾಗುವ ತಿಂಗಳುಗಳ ಓಟಕ್ಕೆ ವಿಡಿಯೋ ಇರೋದಿಲ್ಲ. ಅಲ್ಲಿ ಎದುರಾಳಿ ಅದೇ ಕ್ಲೆಬ್ಸಿಯೆಲ್ಲಾ, ಅದೇ ಸ್ಯೂಡೊಮೊನಾಸ್. ವ್ಯತ್ಯಾಸ ಇಷ್ಟೇ, ಸಿಕ್ಕಸಿಕ್ಕಲ್ಲಿ ಆ್ಯಂಟಿಬಯೋಟಿಕ್ ನುಂಗುವ ನಮ್ಮ ಅಭ್ಯಾಸದಿಂದ ಅವು ಈಗ ಎಷ್ಟೋ ಔಷಧಿಗಳಿಗೆ ಬಗ್ಗುವುದೇ ಇಲ್ಲ. ಶೀತಕ್ಕೆ ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿ, ಮೂರನೇ ದಿನ ಬಿಟ್ಟುಬಿಡುವ ನಮ್ಮ ಹಾಸ್ಟೆಲ್ ವೈದ್ಯಕ್ಕೂ ಇದರಲ್ಲಿ ಪಾಲಿದೆ.

ಕೆಲಸ ಇನ್ನೂ ಬೇಕಾದಷ್ಟಿದೆ, ಅದರಲ್ಲಿ ಅರ್ಧ ನಮ್ಮ ಬ್ರಾಂಚ್‌ಗಳದೇ. ಬಯೋಫಿಲ್ಮ್ ಅಂಟದ ಕೊಳವೆಯ ಮೇಲ್ಮೈ ಮೆಕ್ಯಾನಿಕಲ್ ಮತ್ತು ಮೆಟೀರಿಯಲ್ಸ್‌ನವರ ಪ್ರಶ್ನೆ. ಆಸ್ಪತ್ರೆಯ ನೀರಿನ ಪೈಪು, ಗಾಳಿಯ ಫಿಲ್ಟರ್ ಸಿವಿಲ್‌ನವರದು. ದಾನಿಯ ಅಂಗದಿಂದ ರಕ್ತಕ್ಕೆ ಸೋರುವ ಡಿಎನ್‌ಎ ಚೂರುಗಳನ್ನು ಎಣಿಸಿ, ತಂತಿ ಇಳಿಸದೆಯೇ ತಿರಸ್ಕಾರದ ಸುಳಿವು ಹಿಡಿಯುವ ಪರೀಕ್ಷೆಗಳು ಈಗ ಬಂದಿವೆ. ಅದರ ಸಂಕೇತ ಮತ್ತು ಗದ್ದಲವನ್ನು ಬೇರ್ಪಡಿಸುವುದು ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನವರ ಕೆಲಸ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಇಲ್ಲ ಅಂತ ಮುಂದಿನ ವರ್ಷ ಯಾರೂ ಗೊಣಗಬೇಡಿ.

ಇನ್ನೊಂದು ಮಾತು, ಇದಕ್ಕೆ ಯಾವ ಬ್ರಾಂಚೂ ಬೇಡ. ಕಸಿ ಮಾಡಿಸಿಕೊಂಡ ಬಂಧುಗಳನ್ನೋ ಗೆಳೆಯರ ಮನೆಯವರನ್ನೋ ನೋಡಲು ಹೋದರೆ ನರ್ಸಮ್ಮ ಬಾಗಿಲಲ್ಲೇ ಹೂಗುಚ್ಛ ತೆಗೆದಿಡಲು ಹೇಳಬಹುದು, ಕೈ ತೊಳೆಯಲು ಹೇಳಬಹುದು, ನೆಗಡಿ ಇದ್ದರೆ ಒಳಗೇ ಬಿಡದಿರಬಹುದು. ಬೇಜಾರು ಮಾಡಿಕೊಳ್ಳಬೇಡಿ. ಹೂದಾನಿಯ ನೀರಿನಲ್ಲಿ ಏನಿರುತ್ತೆ ಅಂತ ಈಗ ನಿಮಗೂ ಗೊತ್ತು. ಬೆರಳ ಸಂದಿ, ಉಗುರಿನ ಬುಡ ಬಿಡದೆ ಸೋಪು ಹಚ್ಚಿ ತೊಳೆದು, ಆಮೇಲೆ ಒಳಗೆ ಹೋಗಿ.